ಗೌಜಿಯ ಹಾಸ್ಟೆಲ್

ಆ ಹಾಸ್ಟೆಲನ್ನು ನಾನೇ ಹಟ ಹಿಡಿದು ಆರಿಸಿಕೊಂಡೆ. ಯಾರೂ ನನ್ನನ್ನು ಅಲ್ಲಿಗೆ ದೂಡಲಿಲ್ಲ.

ತೊಂಬತ್ತೊಂಬತ್ತರ ಜೂನ್. ಕುಂದಾಪುರದ ಕಾಲೇಜಿನಲ್ಲಿ ಡಿಗ್ರಿಗೆ ಸೀಟು ಸಿಕ್ಕಿತ್ತು. ಬೈಂದೂರಿನ ಆಚೆ ಕಡಲ ಬದಿಯ ನಮ್ಮ ಮನೆಯಿಂದ ದಿನಾ ಬಸ್ಸಿನಲ್ಲಿ ಓಡಾಡುವುದು ಮಳೆಗಾಲದಲ್ಲಿ ಆಗುವ ಮಾತಲ್ಲ. ಅಪ್ಪ ನಾನು ಸಣ್ಣವಳಿದ್ದಾಗಲೇ ತೀರಿಹೋಗಿದ್ದ. ಅಮ್ಮ ಬುಟ್ಟಿ ಹೊತ್ತು ಮೀನು ಮಾರುವವಳು. ಶಾಲೆಯಿಂದ ಬಂದು ಬೀಗ ತೆಗೆದು, ಒಬ್ಬಳೇ ಉಂಡು, ಗೋಡೆ ನೋಡುತ್ತ ಬೆಳೆದವಳು ನಾನು. ಕಾಲೇಜು ಎಂದರೆ ನನಗೆ ಪಾಠವಲ್ಲ, ಜನ. ಸುತ್ತ ಗೌಜಿ, ಗಲಾಟೆ ಇರಬೇಕು, ಯಾರಾದರೂ ಹೆಸರು ಹಿಡಿದು ಕರೆಯಬೇಕು, ಅಷ್ಟೇ ಆಸೆ.

ಅಮ್ಮನೂ ನಾನೂ ಎರಡು ಹಾಸ್ಟೆಲ್ ನೋಡಿದೆವು. ಮೊದಲನೆಯದರಲ್ಲಿ ಸಣ್ಣ ಸಣ್ಣ ಕೋಣೆಗಳು, ಒಬ್ಬೊಬ್ಬರಿಗೆ ಒಂದೊಂದು. ಊಟದ ಹೊತ್ತಿಗೂ ಯಾರೂ ಬಾಯಿ ಬಿಡುವುದಿಲ್ಲ. ಆದರೆ ವಾರದಲ್ಲಿ ಎರಡು ದಿನ ಮೀನು ಕೊಡುತ್ತಾರೆ ಎಂದು ಗೊತ್ತಾದದ್ದೇ ಅಮ್ಮನಿಗೆ ಮನಸ್ಸು ತುಂಬಿತು.

"ಇಲ್ಲೇ ಇರ್ ಮಗಾ. ಓದುಕೂ ಆತ್ತ್, ಮೀನೂ ಸಿಕ್ಕತ್ತ್."

"ನಂಗೆ ಇಲ್ಲ್ ಉಸ್ರ್ ಕಟ್ಟತ್ತ್ ಅಮ್ಮಾ. ಮಾತಾಡುಕೆ ಜನ ಬೇಕ್" ಎಂದೆ.

ಎರಡನೆಯದು ಹಳೆಯ ಹೆಂಚಿನ ಮಾಳಿಗೆ ಮನೆ. ಮನೆಯೊಡತಿಯೇ ವಾರ್ಡನ್. ಕೆಳಗೆ ಅವರ ವಾಸ, ದೇವರ ಕೋಣೆ, ಅಡುಗೆಮನೆ. ಮೊಟ್ಟೆಯ ಸಿಪ್ಪೆ ಕೂಡ ಹೊಸಿಲು ದಾಟಬಾರದೆಂಬ ಕಟ್ಟಪ್ಪಣೆ. ಮೇಲೆ ಉದ್ದದ ಹಾಲ್, ಸಾಲಾಗಿ ಮಂಚಗಳು, ಕೇಕೆ ಹಾಕಿ ನಗುವ ಹುಡುಗಿಯರು. ಮೆಟ್ಟಿಲು ಹತ್ತುತ್ತಿದ್ದ ಹಾಗೆ ಬ್ರಹ್ಮಾವರದ ಹುಡುಗಿಯೊಬ್ಬಳು ನನ್ನ ಚೀಲ ಕಿತ್ತುಕೊಂಡಳು. "ಹ್ವಾಯ್, ನನ್ ಬದಿಗೆ ಬಾ. ಕಿಟ್ಕಿ ಇತ್ತ್."

ಅಲ್ಲಿಗೆ ನಾನು ಬಿದ್ದೇ ಹೋದೆ.

ಆ ಹಾಲಿನದ್ದೊಂದು ಪದ್ಧತಿ. ಊರಿಂದ ಯಾರು ಏನೇ ತರಲಿ, ನಡುವೆ ಪೇಪರ್ ಹಾಸಿ ಬಿಚ್ಚಬೇಕು. ಒಬ್ಬಳೇ ತಿನ್ನುವುದು ಅಲ್ಲಿ ಮಹಾಪರಾಧ. ಚಕ್ಕುಲಿ, ಹಲಸಿನ ಹಪ್ಪಳ, ಉಪ್ಪಿನಕಾಯಿ ಎಲ್ಲವೂ ಹೀಗೆಯೇ ಖರ್ಚಾಗುತ್ತಿತ್ತು. ಮಳೆಗಾಲದಲ್ಲಿ ದೋಣಿ ಕಡಲಿಗೆ ಇಳಿಯುವುದಿಲ್ಲವಲ್ಲ, ಅಮ್ಮ ಒಣಮೀನು ಮಾರುತ್ತಿದ್ದಳು. ನಾನು ಊರಿಗೆ ಹೋದಾಗ ಒಣ ಸೀಗಡಿ ಹುರಿದು, ಕಾಯಿ, ಮೆಣಸು, ಹುಳಿ ಹಾಕಿ ಚಟ್ನಿ ಮಾಡಿ ಕೊಟ್ಟಳು. ನಾನದನ್ನು ಬಟ್ಟೆಯ ಅಡಿಯಲ್ಲಿ ಬಚ್ಚಿಟ್ಟೆ. ಬ್ರಹ್ಮಾವರದವಳ ಮೂಗಿಗೆ ಅದು ತಪ್ಪೀತೇ? ಅವಳ ಮನೆಯಲ್ಲಿ ಮೀನಿಲ್ಲದೆ ಅನ್ನ ಇಳಿಯುವುದಿಲ್ಲ. ಉಳಿದವರಲ್ಲೂ ಹೆಚ್ಚಿನವರ ಮನೆಯ ಕಥೆ ಅದೇ. ದಿನಾ ಸೌತೆಕಾಯಿ ಹುಳಿ ಉಂಡು ಎಲ್ಲರ ನಾಲಗೆ ಸತ್ತುಹೋಗಿತ್ತು.

"ತೆಗಿ ಮಾರಾಯ್ತಿ. ಒಬ್ಳೇ ತಿಂಬುದಾ?"

ಗಂಜಿಯ ಬಟ್ಟಲುಗಳು ಮೇಲೆ ಬಂದವು. ಡಬ್ಬಿಯ ತಳವನ್ನೂ ಬೆರಳಿನಿಂದ ಬಳಿದು ನೆಕ್ಕಿದರು. ಆಮೇಲೆ ನಾನು ಊರಿಗೆ ಹೊರಟಾಗಲೆಲ್ಲ "ದೊಡ್ಡ ಡಬ್ಬಿ ತಕಂಡ್ ಬಾ" ಎಂದು ಮೆಟ್ಟಿಲವರೆಗೆ ಬಂದು ಬೀಳ್ಕೊಡುತ್ತಿದ್ದರು.

ಇದನ್ನು ಕೇಳಿ ಅಮ್ಮ ಎಷ್ಟು ಹಿಗ್ಗಿದಳೆಂದರೆ ನನಗೇ ನಾಚಿಕೆಯಾಯಿತು. ಮೀನು ಕೊಳ್ಳುವವರ ಮನೆಯ ಅಂಗಳದಲ್ಲೇ ಬುಟ್ಟಿ ಇಳಿಸಿ, ಅಂಗಳದಲ್ಲೇ ನೀರು ಕುಡಿದು ಬರುವ ಹೆಂಗಸು ಅವಳು. "ಪ್ಯಾಟಿ ಹೆಣ್ಮಕ್ಕಳ್ ನಾನ್ ಮಾಡಿದ್ದ್ ತಿಂತ್ರಾ?" ಎಂದು ಮತ್ತೆ ಮತ್ತೆ ಕೇಳಿದಳು. ಖಾರ ಹೆಚ್ಚಾಯಿತಾ, ಇನ್ನು ಸ್ವಲ್ಪ ಹುಳಿ ಬೇಕಿತ್ತಾ ಎಂದು ವಿಚಾರಿಸಿಕೊಂಡಳು.

ಒಂದು ಭಾನುವಾರ ಸಂಜೆ ಹೆಂಚು ಸೋರುತ್ತದೆಯೇ ಎಂದು ನೋಡಲು ವಾರ್ಡನ್ ಮೇಲೆ ಬಂದರು. ನಾವು ಪೇಪರಿನ ಸುತ್ತ ಕೂತಿದ್ದೆವು. ಅವರು ಸೆರಗಿನಿಂದ ಮೂಗು ಮುಚ್ಚಿಕೊಂಡು "ಯಾರದ್ದಿದು?" ಎಂದರು. ಎಲ್ಲರ ಬೆರಳುಗಳೂ ಕೆಂಪಾಗಿದ್ದವು. ಎಲ್ಲರೂ ನನ್ನ ಕಡೆ ನೋಡಿದರು.

"ನಾವ್ ಬೇಡ ಅಂದ್ರೂ ಇವ್ಳ್ ಕೇಂಬುದಿಲ್ಲ ಮೇಡಂ" ಎಂದಳು ಬ್ರಹ್ಮಾವರದವಳು. "ವಾಸ್ನೆಗೆ ನಮ್ಗೆ ಊಟವೇ ಸೇರುದಿಲ್ಲ." ಹೇಳುವಾಗ ಅವಳ ತುಟಿಯ ಮೇಲೆ ಚಟ್ನಿ ಅಂಟಿತ್ತು. ವಾರ್ಡನ್‌ಗೆ ಅದು ಕಾಣಿಸಿರಲೇಬೇಕು. ಆದರೆ ಹಾಲ್ ಪೂರ್ತಿ ಖಾಲಿ ಮಾಡಿಸುವುದಕ್ಕಿಂತ ಒಬ್ಬಳನ್ನು ಹಿಡಿಯುವುದು ಸುಲಭ. ತಾಯಿಯನ್ನು ಕರೆಸು, ಇಲ್ಲವಾದರೆ ಗಂಟುಮೂಟೆ ಕಟ್ಟು ಎಂದರು.

ನಮ್ಮೂರಿನ ಅಂಗಡಿಗೆ ಫೋನ್ ಮಾಡಿದೆ. ಅಂಗಡಿಯವರ ಹತ್ತಿರ ಇದನ್ನೆಲ್ಲ ಬಿಡಿಸಿ ಹೇಳುವುದು ಹೇಗೆ? ಚಟ್ನಿಯ ವಿಷಯ, ಅಮ್ಮ ಒಮ್ಮೆ ಹಾಸ್ಟೆಲಿಗೆ ಬರಬೇಕಂತೆ ಎಂದಷ್ಟೇ ಹೇಳಿ ಇಟ್ಟೆ.

ಮರುದಿನ ಅಮ್ಮ ಮದುವೆಗೆ ಉಡುವ ಸೀರೆ ಉಟ್ಟು ಬಂದಳು. ಕೈಯಲ್ಲಿ ಹಾಲು ಮಾರುವವರ ಕ್ಯಾನಿನಷ್ಟು ದೊಡ್ಡ ಸ್ಟೀಲ್ ಡಬ್ಬಿ, ತುಂಬಾ ಚಟ್ನಿ. ಹುಡುಗಿಯರು ಮತ್ತಷ್ಟು ಬೇಕೆಂದು ಹೇಳಿಕಳಿಸಿದ್ದಾರೆ ಎಂದೇ ತಿಳಿದಿದ್ದಳು. ಗೇಟಿನಲ್ಲೇ ತಡೆಯಲು ನಾನು ಓಡುವಷ್ಟರಲ್ಲಿ ವಾರ್ಡನ್ ಜಗಲಿಗೆ ಬಂದಾಗಿತ್ತು. ಅವರ ಹಿಂದೆ ಹುಡುಗಿಯರೆಲ್ಲ ತಮಾಷೆ ನೋಡಲು ನಿಂತಿದ್ದರು.

"ನಿಮ್ಮ ಮಗಳೊಬ್ಬಳಿಂದ ಉಳಿದ ಮಕ್ಕಳಿಗೆಲ್ಲ ಉಪದ್ರ. ಇವರು ಯಾರೂ ಅದನ್ನು ಮುಟ್ಟುವವರಲ್ಲ" ಎಂದರು ವಾರ್ಡನ್.

ಅಮ್ಮ ಅಂಗಳದಲ್ಲಿ ನಿಂತು ಒಬ್ಬೊಬ್ಬರ ಮುಖವನ್ನೂ ನೋಡಿದಳು. ಬ್ರಹ್ಮಾವರದವಳನ್ನು "ನೀವ್ ತಿಂದಿಲ್ಯಾ ಮಗಾ?" ಎಂದು ಮೆಲ್ಲಗೆ ಕೇಳಿದಳು.

"ಇಲ್ಲಪ್ಪ. ನಂಗೆ ಮೀನ್ ಕಂಡ್ರೇ ಆತಿಲ್ಲ."

ಹಿಂದಿನಿಂದ ಯಾರೋ ಕಿಸಕ್ಕನೆ ನಕ್ಕರು. ಅಮ್ಮನಿಗೆ ಎಲ್ಲವೂ ಅರ್ಥವಾಯಿತು. ಮೀನು ತಿನ್ನುವವರ ಮುಖ ಅವಳಿಗೆ ಗೊತ್ತಿಲ್ಲವೇ? ಡಬ್ಬಿಯನ್ನು ಸೆರಗಿನೊಳಗೆ ಮುಚ್ಚಿಕೊಂಡು ವಾರ್ಡನ್‌ಗೆ ಕೈ ಮುಗಿದಳು.

"ಹೌದಮ್ಮಾ. ಇವ್ರೆಲ್ಲ ಎಂತಕ್ಕೆ ತಿಂತ್ರ್? ನಮ್ ಹೆಣ್ಣೇ ತಿಂದದ್ದ್. ನಾನೇ ಮಾಡಿ ಕೊಟ್ಟದ್ದ್. ತಪ್ಪಾಯ್ತ್. ಹೊರ್ಗೆ ಹಾಕ್ಬೇಡಿ."

ಇಷ್ಟು ವರ್ಷವಾದರೂ ಆ ನಗು ನೆನಪಾದರೆ ಮೈ ಉರಿಯುತ್ತದೆ. ಒಂದೊಂದು ಕೆನ್ನೆಗೂ ಬಾರಿಸಬೇಕು ಅನ್ನಿಸುತ್ತದೆ.

ಬಸ್‌ಸ್ಟ್ಯಾಂಡಿನಲ್ಲಿ ಅಳುತ್ತ, ನಾನು ಇಲ್ಲಿ ಇರುವುದಿಲ್ಲ, ಆ ಇನ್ನೊಂದು ಹಾಸ್ಟೆಲಿಗೇ ಹೋಗುತ್ತೇನೆ ಎಂದೆ. ಅಮ್ಮ ಕಣ್ಣೊರೆಸಲಿಲ್ಲ, ಬೆನ್ನು ಸವರಲಿಲ್ಲ.

"ಜನ ಬೇಕ್ ಅಂದ್ಯಲೆ. ಜನ ಅಂದ್ರೆ ಇವ್ರೇ. ಇರ್" ಎಂದು ಬಸ್ ಹತ್ತಿದಳು. ಕಿಟಕಿಯಿಂದ ಹೊರಗೆ ನೋಡಲೂ ಇಲ್ಲ.

ನಾನು ಮೇಲೆ ಬಂದಾಗ ಹಾಲಿನಲ್ಲಿ ಯಥಾಪ್ರಕಾರ ಗಲಾಟೆ. ಬ್ರಹ್ಮಾವರದವಳು ಸರಿದು ಮಂಚದಲ್ಲಿ ಜಾಗ ಮಾಡಿಕೊಟ್ಟಳು, ಹೆಗಲ ಮೇಲೆ ಕೈ ಹಾಕಿದಳು. ವಾರ್ಡನ್‌ಗೆ ಕೇಳದಂತೆ ಸ್ವರ ತಗ್ಗಿಸಿ ಕೇಳಿದಳು:

"ಅಷ್ಟೂ ವಾಪಸ್ ಕೊಟ್ ಕಳ್ಸಿದ್ಯಾ? ಒಂಚೂರಾರೂ ತೆಗ್ದಿಡುಕೆ ಆಗ್ಲಿಲ್ಯಾ?"

ಅವಳ ಮುಖದಲ್ಲಿ ನಿಜವಾದ ಬೇಸರವಿತ್ತು.