ಬಾಗಿಲ ಹಿಂದಿನ ಕೋಲುಗಳು

ಹೆಂಡತಿಗೆ ಹೊಡೆದವನ ಮನೆಯಲ್ಲಿ ನಮ್ಮ ಮಹಿಳಾ ಸಂಘದವರು ಕಾಫಿ ಕುಡಿಯುವುದಿಲ್ಲ. ಅಂಗಳದಲ್ಲಿ ಕೂರುತ್ತೇವೆ. ಹೊಡೆದ ಕೋಲನ್ನು ಅವನೇ ತಂದು ನಮ್ಮ ಕೈಗೆ ಕೊಡುವ ತನಕ ಏಳುವುದಿಲ್ಲ. ಗೋಣಿಬೀಡಿನ ಸುತ್ತಲಿನ ಎಸ್ಟೇಟುಗಳಲ್ಲಿ, ಕೂಲಿಯವರ ಲೈನು ಮನೆಗಳಲ್ಲಿ, ಹತ್ತು ವರ್ಷದಿಂದ ಹೀಗೇ ನಡೆದಿದೆ. ಕೋಲು ನನ್ನ ಮನೆಗೆ ಬಂದು ಬಚ್ಚಲೊಲೆಗೆ ಹೋಗುತ್ತಿತ್ತು. ಆ ಬೆಂಕಿಯಲ್ಲಿ ಕಾದ ನೀರನ್ನು ತಂಬಿಗೆ ತುಂಬಿ ತುಂಬಿ ಸುರಿದುಕೊಂಡರೆ ಮಾತ್ರ ನನಗೆ ಊಟ ಸೇರುತ್ತಿತ್ತು.

ಚಿಕ್ಕಮಗಳೂರಿನ ಒಂದು ತರಬೇತಿಯಲ್ಲಿ ಮೇಡಂ ಒಬ್ಬರು, ನಿಮ್ಮನ್ನೂ ನೋಡಿಕೊಳ್ಳಿ, ವಾರಕ್ಕೊಂದು ದಿನ ಫೋನ್ ಆಫ್ ಮಾಡಿ ಎಂದಾಗ ಬಾಯಿಗೆ ಸೆರಗಿಟ್ಟು ನಕ್ಕಿದ್ದೆ. ಒದೆ ತಿನ್ನುವವಳು ವಾರ ನೋಡಿ ತಿನ್ನುತ್ತಾಳೆಯೇ?

ಕಳೆದ ಕಾಫಿ ಕೊಯ್ಲಿನಲ್ಲಿ ಕರೆಗಳು ಮುಗಿಯಲೇ ಇಲ್ಲ. ಒಂದೇ ವಾರದಲ್ಲಿ ಒಬ್ಬಳ ಹಲ್ಲು ಮುರಿದಿತ್ತು, ಇನ್ನೊಬ್ಬಳ ಕಿವಿಯಿಂದ ರಕ್ತ ಸುರಿದಿತ್ತು. ಮೂರನೆಯವಳ ಗಂಡ ಕೋಲು ಕೊಡುವ ಬದಲು ನನ್ನ ಭುಜಕ್ಕೇ ಬೀಸಿದ. ಏನೂ ಆಗಿಲ್ಲ ಎಂದು ಎಲ್ಲರಿಗೂ ಹೇಳಿದೆ. ಬಚ್ಚಲೊಲೆ ಹೊತ್ತಿಸಲೂ ಪುರುಸೊತ್ತಿರಲಿಲ್ಲ. ಕೈಕಾಲು ಮುಖ ತೊಳೆದು ಓಡುತ್ತಿದ್ದೆ. ಕೋಲುಗಳು ಬಾಗಿಲ ಹಿಂದೆ ರಾಶಿ ಬಿದ್ದವು.

ಒಂದು ಭಾನುವಾರ ಬೆಳಿಗ್ಗೆ ಫೋನು ಮತ್ತೆ ಬಡಿದುಕೊಂಡಿತು. ಹನ್ನೊಂದು ವರ್ಷದ ಮಗಳು ಅದನ್ನೆತ್ತಿ ಬೆನ್ನ ಹಿಂದೆ ಅಡಗಿಸಿದಳು.

“ಇವತ್ತೊಂದಿನ ಹೋಗ್ಬೇಡಮ್ಮ.”

“ಕೊಡೇ” ಎಂದೆ. ಕೊಡಲಿಲ್ಲ. ನನ್ನ ಕೈ ಬಾಗಿಲ ಹಿಂದೆ ಹೋಯಿತು. ಸಿಕ್ಕಿದ್ದು ಕಾಫಿ ಗಿಡದ ಕೋಲು, ಸುಲಭಕ್ಕೆ ಮುರಿಯುವುದಲ್ಲ. ಮೊದಲ ಏಟು ಮೊಣಕೈಗೆ, ಎರಡನೆಯದು ಬೆನ್ನಿಗೆ. ಮೂರನೆಯದು ಎಲ್ಲಿಗೆ ಬಿತ್ತೋ ನನಗೆ ಗೊತ್ತಿಲ್ಲ. ಅವಳು ಫೋನು ಹಿಡಿದುಕೊಂಡೇ ಹೊರಗೆ ಓಡಿದಳು. ನಾನು ಕೋಲನ್ನು ಮೊದಲಿದ್ದ ಜಾಗದಲ್ಲೇ ಇಟ್ಟೆ.

ಅರ್ಧ ಗಂಟೆಯಲ್ಲಿ ಸಂಘದ ಹಿರಿಯಕ್ಕ ಇನ್ನಿಬ್ಬರ ಜೊತೆ ಬಂದು ಅಂಗಳದಲ್ಲಿ ಕೂತರು. ಯಾವುದೋ ಲೈನಿಗೆ ಕರೆಯಲು ಬಂದಿದ್ದಾರೆ ಎಂದುಕೊಂಡು ಕಾಫಿ ತಂದೆ. ಯಾರೂ ಲೋಟ ಮುಟ್ಟಲಿಲ್ಲ. ಮಗಳು ಅಕ್ಕನ ಪಕ್ಕದಲ್ಲಿ, ನನ್ನ ಫೋನು ಹಿಡಿದು ನಿಂತಿದ್ದಳು. ಆಗ ಅರ್ಥವಾಯಿತು.

“ನಾನು ತಾಯಿ ಅಕ್ಕಾ. ಬುದ್ಧಿ ಬರ್ಲಿ ಅಂತ ಒಂದೇಟು ಕೊಟ್ಟೆ” ಎಂದೆ. ಇದೇ ಧಾಟಿಯ ಮಾತನ್ನು ಎಷ್ಟು ಗಂಡಸರ ಬಾಯಲ್ಲಿ ಕೇಳಿ ಉಗಿದಿದ್ದೆ!

“ಮೊದ್ಲು ಕೋಲು ತಾ ಮಾರಾಯ್ತಿ” ಎಂದರು ಅಕ್ಕ. “ಒಂದು ತಿಂಗ್ಳು ನೀನು ಎಲ್ಲಿಗೂ ಬರೋದು ಬೇಡ. ಫೋನು ನನ್ ಹತ್ರ ಇರ್ಲಿ. ಉಣ್ಣು, ಮಲ್ಗು, ಈ ಮಗೂನ ನೋಡ್ಕೋ.”

ನಾಚಿಕೆಯಿಂದ ಸತ್ತೇ ಹೋದೆ. ಕೋಲು ತಂದುಕೊಟ್ಟೆ. ಅವರು ಬಾಗಿಲ ಹಿಂದಿನ ರಾಶಿಯನ್ನೆಲ್ಲ ಒಲೆಗೆ ತುರುಕಿದರು. ಹಂಡೆ ನೀರು ಕುದಿಯಿತು. ಅಕ್ಕ ನನ್ನ ಭುಜದ ಬಾಸುಂಡೆ ನೋಡಿ, ತಲೆಗೆ ಎಣ್ಣೆ ಹಚ್ಚಿ ನೀರೆರೆದರು. ಮೈ ಹಗುರಾಯಿತು, ಸುಳ್ಳು ಯಾಕೆ ಹೇಳಲಿ.

ಹಂಡೆಯಲ್ಲಿ ಇನ್ನೂ ನೀರಿತ್ತು. “ಬಾ ಮಗಾ, ಮೀಯಿಸ್ತೀನಿ” ಎಂದು ಕರೆದೆ. ಅವಳು ಬಚ್ಚಲ ಬಾಗಿಲಿಗೆ ಬಂದು ಒಲೆಯಲ್ಲಿ ಉರಿಯುತ್ತಿದ್ದ ಕೋಲುಗಳನ್ನು ನೋಡಿದಳು. ಆಮೇಲೆ ಕೊಡ ಎತ್ತಿಕೊಂಡು ಬಾವಿಕಟ್ಟೆಗೆ ಹೋಗಿ, ಆ ಚಳಿಯಲ್ಲಿ, ತಣ್ಣೀರನ್ನೇ ಸುರಿದುಕೊಂಡಳು.