ಡೆಸ್ಮಂಡರ ಕರುಳುಪ್ರೇಮ

"ಬೆರಿಲ್, ಮಹಾತಾಯಿ, ಮಾಂಸದ ಪೈ ತಿಂಡೀನ ಹಾಗೆ ಅಗಿಯದೆ ನುಂಗ್ತಾರೇನೇ? ಕರುಳಿನ ಒಳಪದರ ಅಂದ್ರೆ ರೇಷ್ಮೆ, ರೇಷ್ಮೆ! ಕ್ಯಾನ್ಸರ್ ಔಷಧಿ ಅದನ್ನ ಸುಲಿದು ಹಾಕತ್ತೆ. ನನ್ನ ಸೈಟೋಕೈನ್ ಅನ್ನೋ ಪ್ರೋಟೀನು ಮುಂಚೇನೇ ಹೋಗಿ, 'ಏಳ್ರೋ, ಬೇಗ ಬೆಳೀರೋ' ಅಂತ ಅದನ್ನ ದಪ್ಪ ಮಾಡತ್ತೆ. ನಮ್ಮ ಇಲಿಗಳು ಹೇಗೆ ತಿಂತಾವೆ ನೋಡು!" ಅಡಿಲೇಡಿನ ಪ್ರಯೋಗಾಲಯದಲ್ಲಿ ಚಹಾ ಮಾಡುವ ನನಗೆ ಡಾಕ್ಟರ್ ಡೆಸ್ಮಂಡರ ದಿನದ ಮಂಗಳಾರತಿ ಇದು. ಇಲಿಗಳಿಗೆ ಟೋಪಿ ತೆಗೆದು ವಂದಿಸುವ ಇವರು ನಿರ್ದೇಶಕರನ್ನು ಕಂಡರೂ ಕಾಣದವರಂತೆ ನಡೆಯುತ್ತಾರೆ. ಮದುವೆಯ ಭಾಷಣಕ್ಕೆ ನಿಂತರೂ ಭೇದಿಗೇ ಬಂದು ಮುಟ್ಟುತ್ತಾರೆ. ಈ ಚಳಿಗಾಲದಲ್ಲಿ ಕ್ಯಾನ್ಸರ್ ಬಂದ ಇವರ ಹೆಂಡತಿ ಲೊರ್ನಾ ಅದೇ ಸೈಟೋಕೈನ್ ಔಷಧಿಯ ಪರೀಕ್ಷೆಗೆ ಸೇರಿದರು. ಅರ್ಧ ಜನರಿಗೆ ಔಷಧಿ, ಉಳಿದವರಿಗೆ ಉಪ್ಪುನೀರು. ಯಾರಿಗೆ ಯಾವುದೆಂದು ಯಾರಿಗೂ ತಿಳಿಯಕೂಡದೆಂದು ನಿಯಮ ಬರೆದವರು ಇವರೇ. "ನುಂಗೋಕೆ ಆಗತ್ತಾ ಅಂತಾದ್ರೂ ಕೇಳಬಾರದಾ?" ಎಂದೆ. "ಕೇಳಿದ್ರೆ ಅವಳಿಗೆ ಸಿಕ್ಕಿರೋದು ಯಾವುದು ಅಂತ ನಂಗೆ ಗೊತ್ತಾಗಿಬಿಡತ್ತೆ, ಬೆರಿಲ್. ನಿಯಮ ಮುರಿದ್ರೆ ಲೊರ್ನಾನೇ ಬೈತಾಳೆ." ಹಾಗಾಗಿ ಊರವರ ಹೊಟ್ಟೆಯನ್ನೆಲ್ಲ ವಿಚಾರಿಸುವ ಮನುಷ್ಯ ದಿನಾ ಕುಂಬಳಕಾಯಿ ಸೂಪು ಸೋಸಿ ಆಸ್ಪತ್ರೆಗೆ ಒಯ್ದು, ಬಾಗಿಲಲ್ಲೇ ಕೊಟ್ಟು ಓಡಿಬರುತ್ತಾರೆ. ಆಸ್ಪತ್ರೆಯವರು ತಿರುಗಿ ಕಳಿಸಿದ ಡಬ್ಬಿಯ ಭಾರ ತಿಳಿಯಬಾರದೆಂದು ಮುಟ್ಟದೆ, ಕಣ್ಣು ಮುಚ್ಚಿಕೊಂಡು ನನಗೇ ಬಿಡುತ್ತಾರೆ. ಇಷ್ಟು ದಿನ ಅದು ಹೋದ ಭಾರದಲ್ಲೇ ಬರುತ್ತಿತ್ತು. ಇವತ್ತು ಮುಚ್ಚಳ ತೆಗೆದರೆ ತಳ ಕಾಣುತ್ತಿತ್ತು. ಅವರು ನನ್ನ ಮುಖದಲ್ಲಿ ಉತ್ತರ ಹುಡುಕುತ್ತಿದ್ದರು. ನಾನು ಮುಖ ಕಾಣದಂತೆ ಬೆನ್ನು ಹಾಕಿ ನಿಂತು, ನಲ್ಲಿ ಜೋರಾಗಿ ಬಿಟ್ಟುಕೊಂಡು ಡಬ್ಬಿ ಉಜ್ಜಿದೆ.