ಸ್ವೆಟರ್ ಮಾರುತ್ತಿದ್ದ ಸಿಪಾಯಿ

ಹಾನಗಲ್ಲಿನಿಂದ ಹೊರಟ ಬಸ್ಸು ನಡುದಾರಿಯಲ್ಲಿ ಕೆಡಬಹುದು. ಮುಂಡಗೋಡದ ಟಿಬೆಟನ್ ಕ್ಯಾಂಪಿನಲ್ಲಿ ಅವನ ಮನೆ ಸಿಗದೇ ಹೋಗಬಹುದು. ಸಿಕ್ಕರೂ ಅವನ ಅವ್ವ ನನ್ನ ಗುರುತು ಹಿಡಿಯಲಿಕ್ಕಿಲ್ಲ. ನನಗೇ ಬಿ.ಪಿ. ಏರಿ, ಹಾಸಿಗೆ ಹಿಡಿದವನೇ ಎದ್ದು ನನಗೆ ಜಾಗ ಬಿಡಬೇಕಾದೀತು. ಇಲ್ಲವೇ ನಾನು ಮುಟ್ಟುವಷ್ಟರಲ್ಲಿ ಅವನೇ ಇರಲಿಕ್ಕಿಲ್ಲ. ಹೊರಡುವ ಮುಂಜಾನೆ ಇಷ್ಟನ್ನೂ ಹೆಂಡತಿಗೆ ಒಪ್ಪಿಸಿದ್ದೆ.

ಬಿಸಿಲಿಗೆ ಸಿಪ್ಪೆ ಎದ್ದ ಮೂಗು, ಎರಡೂ ತೋಳಿನ ತುಂಬ ಸ್ವೆಟರ್. ಅವನು ನೆನಪಾಗುವುದು ಹಾಗೆ. ಪ್ರತಿ ಚಳಿಗಾಲ ತಾಯಿ ಮಗ ನಮ್ಮ ಮನೆಯ ಮುಂದಿನ ಕಟ್ಟೆಯಲ್ಲಿ ಅಂಗಡಿ ಹಚ್ಚುತ್ತಿದ್ದರು. ಅವನು ಟೇಪು ಮುಟ್ಟಿದವನಲ್ಲ, ಎಲ್ಲ ಕಣ್ಣಳತೆಯೇ.

"ಕಾಕಾ, ನಿಮ್ಮ ಎದಿಗೆ ನಲವತ್ತರಿ. ಹೊಟ್ಟಿಗೆ ಬ್ಯಾರೆ ಸ್ವೆಟರ್ ತಗೋರಿ," ಎಂದು ಹುಲಗೂರಿನಿಂದ ಬಂದ ಗಿರಾಕಿಗಳ ಮುಂದೆಯೇ ಹೇಳಿದ್ದ. ಮಂಕಿಕ್ಯಾಪು ಮಾತ್ರ ಎರಡು ಕೊಳ್ಳಹಚ್ಚಿದ: "ಒಂದು ಥಂಡಿಗೆ, ಒಂದು ಚಿಂತಿಗೆ."

ಇಪ್ಪತ್ತು ತುಂಬಿದ ವರ್ಷ ಫೌಜಿಗೆ ಹೊರಟ. ಹಿಮ, ಗುಂಡು, ಗಡಿ ಎಂದೆಲ್ಲ ಹೆದರಿಸಿ ನೋಡಿದೆ.

"ನಮ್ಮಜ್ಜ ಆ ಗುಡ್ಡಾ ದಾಟಿ ಓಡಿ ಬಂದಾನ್ರಿ. ನಾ ಈ ಕಡಿಯಿಂದರ ನೋಡ್ತೇನಿ."

"ಅಲ್ಲೋ, ಈ ದೇಶದ ಪಾಸ್‌ಪೋರ್ಟರ ಐತೇನು ನಿನಗ?"

"ಇಲ್ರಿ. ಬಂದೂಕು ಕೊಡ್ತಾರಂತ."

ಗುಡ್ಡ ನೋಡಿದ. ಅಲ್ಲಿ ಅವನ ಪಕ್ಕದಲ್ಲೇ ಶೆಲ್ ಸಿಡಿಯಿತು. ಬೆನ್ನಿನೊಳಗಿನ ಚೂರು ತೆಗೆದಷ್ಟೂ ನಂಜು ಏರಿತು. ತಿಂಗಳುಗಟ್ಟಲೆ ನೋಡಿ, ಮಾಡುವುದು ಇನ್ನೇನೂ ಉಳಿದಿಲ್ಲವೆಂದು ಆಸ್ಪತ್ರೆಯಿಂದ ಮನೆಗೆ ಕಳಿಸಿದರು. ಅದು ಅವನಿಗೂ ಗೊತ್ತಿತ್ತು. ನನ್ನ ಮೊಬೈಲಿಗೆ ಬರೆದ:

"ಕಾಕಾ, ಕಿವಿ ಎರಡೂ ಹೋಗ್ಯಾವ್ರಿ. ಅವ್ವ ಮಾತಾಡಿದ್ದೂ ಕೇಳಂಗಿಲ್ಲ. ಆದ್ರ ಕುರುಕುರು ಅನ್ನೂದು ಏನರ ಕಡದ್ರ ತಲಿಯೊಳಗ ಸಪ್ಪಳ ಬರತೈತಿ. ಅದೊಂದ ಉಳದೈತಿ. ಕಾಕೂ ಕೈಯಾಗಿನ ಗಿರ್ಮಿಟ್ ತರ್ರಿ. ಲಗೂ ಬರ್ರಿ."

ಹೆಂಡತಿ ಅಡುಗೆಮನೆಯಿಂದಲೇ ಹೇಳಿದಳು: "ಚುರಮರಿ ಬ್ಯಾರೆ, ಮಸಾಲಿ ಬ್ಯಾರೆ ಕಟ್ಟತೇನ್ರಿ. ಅಲ್ಲೇ ಹೋಗಿ ಕಲಸ್ರಿ."

"ಮಸಾಲಿ ಬಸ್ಸಿನ್ಯಾಗ ಸೋರಿ ಯಾರದರ ಸೀರಿ ಮ್ಯಾಲೆ ಬಿತ್ತಂದ್ರ?"

"ನಿಮ್ಮ ಕಾಲಾಗ ಸಾಕಾತು," ಎಂದು ಕಲಸಿಯೇ ಡಬ್ಬಿ ಮುಚ್ಚಿದಳು.

ಬಸ್ಸು ಕೆಡಲಿಲ್ಲ. ಕುಳಿತುಕೊಳ್ಳಲು ಸೀಟೂ ಸಿಕ್ಕಿತು. ಅವನ ಅವ್ವ ಸ್ಟಾಪಿಗೇ ಬಂದು ನಿಂತಿದ್ದಳು. ದೂರದಿಂದಲೇ ಗುರುತು ಹಿಡಿದು ನನ್ನ ಕೈಚೀಲ ಇಸಿದುಕೊಂಡಳು. ಬಿ.ಪಿ. ಸುಮ್ಮನಿತ್ತು. ಅವನೂ ಇದ್ದ. ಚಾದರದೊಳಗೆ ಇದ್ದಾನೋ ಇಲ್ಲವೋ ಅನ್ನುವಷ್ಟು ಇಳಿದಿದ್ದ. ತನ್ನ ದನಿ ತನಗೇ ಕೇಳದ್ದರಿಂದ ಕೂಗಿಯೇ ಮಾತಾಡಿದ:

"ಕಾಕಾ, ನಲವತ್ತೆರಡು ಆಗೇರಿ!"

ನಾನು ನಕ್ಕೆ. ಅಳಲಿಲ್ಲ. ಅಷ್ಟರ ಮಟ್ಟಿಗೆ ನನ್ನ ಬಗ್ಗೆ ನನಗೇ ಮೆಚ್ಚಿಗೆಯಾಯಿತು.

ಅದಾದ ಮೇಲೆ ಅವನು ಬದುಕಿದ್ದು ಮೂರು ದಿನ. ಕೊನೆಕೊನೆಗೆ ಗಂಟಲಲ್ಲಿ ನೀರೂ ಇಳಿಯುತ್ತಿರಲಿಲ್ಲವೆಂದು ಅವನ ಅವ್ವ ಆಮೇಲೆ ಹೇಳಿದಳು.

ನಾನು ಹೋದ ಆ ದಿನ ಮಾತ್ರ ಡಬ್ಬಿ ತೆರೆಯುವ ಮೊದಲೇ ಬಾಯಿ ತೆರೆದ. ಒಂದು ಚಮಚ ಇಟ್ಟೆ. ಕಣ್ಣು ಮುಚ್ಚಿ ಕಡಿದ. ತಡೆದ. ಇನ್ನೊಂದು ದವಡೆಗೆ ಸರಿಸಿಕೊಂಡು ಮತ್ತೆ ಕಡಿದ. ಆಮೇಲೆ ಕಣ್ಣು ತೆರೆದು ನನ್ನನ್ನೇ ನೋಡುತ್ತ, ಈ ಸಲ ಮೆಲ್ಲಗೆ, "ಚಲೋ ಆಗೈತ್ರಿ, ಕಾಕಾ," ಎಂದ.

ಚುರಮರಿ ಮೆತ್ತಗಾಗಿತ್ತು.